ಕೈಗೆ ಬಂದ ಒಡಪು

ಕರಜಗಿಯ ಸಮಸ್ತ ಗುರುಹಿರಿಯರಿಗೆ, ಓಣಿಯ ಅಕ್ಕಪಕ್ಕದವರಿಗೆ, ಹಾಗೂ ಬೆಳಿಗ್ಗೆ ಎದ್ದು ಸಕ್ಕರೆ ಕೇಳುವ ನೆಪದಲ್ಲಿ ಸುದ್ದಿ ಕೇಳಲು ಬರುವ ಎಲ್ಲ ತಾಯಂದಿರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಭೀಮಶಾನ ಧರ್ಮಪತ್ನಿ ಕಾಶಿಬಾಯಿಯವರು ಇನ್ನು ಮುಂದೆ ರೊಟ್ಟಿ ಬಡಿಯುವ ವೇಳೆಯಲ್ಲಿ ಮಾತಾಡುವುದಿಲ್ಲ. ಕಾರಣ, ಆ ಹೊತ್ತಿನಲ್ಲಿ ಅವರ ಕೈ ಖಾಲಿ ಇರುವುದಿಲ್ಲ.

ಈ ಪ್ರಕಟಣೆಯನ್ನು ಮನೆ ಮುಂದಿನ ಕಟ್ಟೆಯ ಮೇಲೆ ನಿಂತು ಹೊರಡಿಸಿದವನು ಸ್ವತಃ ಭೀಮಶಾ. ಅವನಿಗೆ ಮೈಕು ಬೇಕಿಲ್ಲ. ಅವನು ಕರಜಗಿಯಲ್ಲಿ ಕೆಮ್ಮಿದರೆ ಘತ್ತರಗಿಯಲ್ಲಿ ಕಷಾಯ ಕಾಯಿಸುತ್ತಾರೆ ಎಂಬುದು ಊರಿನ ಮಾತು.

ಎದುರು ಮನೆಯ ಜಗುಲಿಯಲ್ಲಿ ಕಡಲೆ ಹಸನು ಮಾಡುತ್ತಿದ್ದ ಭಾಗಮ್ಮ, ಅಂದರೆ ಭೀಮಶಾನ ಅಕ್ಕ, ಮೊರ ಕೆಳಗಿಟ್ಟಳು.

"ರೊಟ್ಟಿ ಬಡಿಯೋದು ಕೈ. ಮಾತಾಡೋದು ಬಾಯಿ. ನಡುವ ಇದೇನ್ ತಕರಾರ್ ತಗದೀಲೇ?"

"ತಕರಾರ್ ಏನಿಲ್ಲಕ್ಕ. ನಮ್ಮ ಮನ್ಯಾಗ ಈಗ ಕೈನೇ ಬಾಯಿ."

ಒಳಗೆ ಒಲೆಯ ಮುಂದೆ ಕೂತಿದ್ದ ಕಾಶಿಬಾಯಿಗೆ ಇದೆಲ್ಲ ಕೇಳಿಸಿತು. ಉತ್ತರ ಕೊಡಲು ನಾಲಿಗೆ ತುರಿಸಿತು. ಆದರೆ ಮದುವೆಯ ದಿನದವರೆಗೆ ಮನೆಯೊಳಗೆ ಕೈಯಲ್ಲೇ ಮಾತಾಡುತ್ತೇನೆಂದು ಹಟ ತೊಟ್ಟವಳು ಅವಳೇ. ಕೈಯಲ್ಲೋ ಜೋಳದ ಹಿಟ್ಟು. ಅವಳು ಉತ್ತರವನ್ನೆಲ್ಲ ರೊಟ್ಟಿಗೆ ಬಡಿದಳು. ಅವತ್ತಿನ ರೊಟ್ಟಿ ಪೇಪರಿನಷ್ಟು ತೆಳ್ಳಗೆ ಬಂತು.

ಮದುವೆ ಅವಳ ಮಗನದು. ಹೆಸರು ಮಾಳಿಂಗ, ಅಜ್ಜನದೇ ಹೆಸರು. ಊರಿಗೆಲ್ಲ ಮಾಳ್ಯಾ, ಗಿರಾಕಿಗಳಿಗೆ ಮಾಳಿಂಗಣ್ಣ, ತಾಯಿಗೆ ಅಪ್ಪು. ಅಫಜಲಪುರದಲ್ಲಿ ಅವನದೊಂದು ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಕಸುಬು. ಹುಡುಗಿ ಸುವರ್ಣಾ, ಮಾದನಹಿಪ್ಪರಗಾದವಳು. ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಕಲಬುರಗಿಯ ಕಿವುಡು ಮಕ್ಕಳ ಶಾಲೆಯಲ್ಲಿ ಓದಿ, ಕೈಭಾಷೆ ಕಲಿತು, ಆಳಂದದ ಲಾಲಸಾಬನ ಫೋಟೊ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಮುಂದೆ ಕೂತು ಜನರ ಮದುವೆಗಳನ್ನು ಚೆಂದ ಮಾಡುತ್ತಿದ್ದಳು.

ಲಾಲಸಾಬ ಭೀಮಶಾನ ಹಳೆಯ ದೋಸ್ತ. ಹಾಗಾಗಿ ಜೇವರ್ಗಿಗೆ ಕೊಟ್ಟ ಮಗಳು ನಾಗರತ್ನಾಳ ಮದುವೆಯ ಅಲ್ಬಮ್ ಅಲ್ಲಿಯೇ ಆಯಿತು. ಆಯಿತು ಎನ್ನುವುದಕ್ಕಿಂತ, ಆಗದಂತೆ ಮಾಳಿಂಗ ನೋಡಿಕೊಂಡ. ಮೊದಲು ಅಕ್ಕನ ಮೂಗು ಉದ್ದ ಬಂದಿದೆ ಎಂದು ಹೋದ. ಆಮೇಲೆ ಭಾವನ ರುಮಾಲು ವಾಲಿದೆ ಎಂದು ಹೋದ. ಕೊನೆಗೆ ಮದುವೆಗೆ ಬಾರದವರ ಫೋಟೊ ಯಾಕೆ ಬಂದಿಲ್ಲ ಎಂದು ಕೇಳಲು ಹೋದಾಗ ಲಾಲಸಾಬ ಕೈಮುಗಿದ.

"ತಮ್ಮಾ, ಈ ಅಲ್ಬಮ್ ಮುಗದದ. ನೀ ನಿನ್ ಮದುವಿ ಮಾಡ್ಕೊ, ಹೊಸಾದು ಮಾಡೂಣು."

ಅಷ್ಟು ಹೊತ್ತಿಗೆ ಸುವರ್ಣಾ ಅವನಿಗೊಂದು ಹೆಸರಿಟ್ಟಿದ್ದಳು. ಕಿವಿ ಕೇಳದವರು ಪರಿಚಯದವರಿಗೆಲ್ಲ ಕೈಯಲ್ಲೊಂದು ಹೆಸರು ಕೊಡುತ್ತಾರೆ. ಬಾಯಲ್ಲಿರುವ ಹೆಸರು ಅವರಿಗೆ ಏನು ಪ್ರಯೋಜನ? ಅವಳು ಎಡಗೈಯ ಬೆರಳೊಂದನ್ನು ನೆಟ್ಟಗೆ ನಿಲ್ಲಿಸಿ, ಬಲಗೈಯ ಬೆರಳನ್ನು ಅದರ ಸುತ್ತ ಗಿರಗಿರ ಸುತ್ತಿಸುವಳು. ಅದೇ ಮಾಳಿಂಗ. ತಂತಿ ಸುತ್ತುವವನು ಎಂದಾದರೂ ತಿಳಿದುಕೊಳ್ಳಿ, ಸ್ಟುಡಿಯೊ ಸುತ್ತುವವನು ಎಂದಾದರೂ ತಿಳಿದುಕೊಳ್ಳಿ.

ಮದುವೆ ಗೊತ್ತಾದ ಮೇಲೆ ಮೊದಲ ವಿಡಿಯೊ ಕಾಲಿನ ಜವಾಬ್ದಾರಿ ಭೀಮಶಾ ಹೊತ್ತ. ಹುಡುಗಿಗೆ ಕೇಳಿಸುವುದಿಲ್ಲ ಎಂದರೆ ತಾನು ಇನ್ನೂ ಸ್ವಲ್ಪ ಜೋರಾಗಿ ಮಾತಾಡಬೇಕು ಎಂದಷ್ಟೇ ಅವನ ತಿಳಿವಳಿಕೆ. ಫೋನನ್ನು ಬಾಯಿಗೇ ಹಚ್ಚಿ, "ಆರಾಮ ಅದೀ ಏನವಾ?" ಎಂದು ಕೂಗಿದ. ಕೊಟ್ಟಿಗೆಯ ಎಮ್ಮೆ ಹಗ್ಗ ಹರಿಯಿತು. ಅತ್ತ ಸುವರ್ಣಾಳ ಪರದೆಯ ತುಂಬ ಒಂದು ಮೀಸೆ ಮಾತ್ರ ಕಾಣಿಸಿತು. ಅವತ್ತಿನಿಂದ ಆ ಮೀಸೆಯೇ ಮಾವನ ಹೆಸರು.

ಆಮೇಲೆ ಕಾಶಿಬಾಯಿ ಫೋನು ಕಸಿದುಕೊಂಡಳು. ಕಲಿಯುವುದು ಸುರುವಾಯಿತು. ಸ್ಟುಡಿಯೊದಲ್ಲಿ ಸುವರ್ಣಾಳ ಪಕ್ಕ ಕೂರುವ ಗೆಳತಿ ಮಹೆಕ ಕೈಭಾಷೆ ಬಲ್ಲವಳು. ಸುವರ್ಣಾಳ ಕೈ ನೋಡಿ ಬಾಯಲ್ಲಿ ಹೇಳುವಳು, ಕಾಶಿಬಾಯಿಯ ಬಾಯಿ ಕೇಳಿ ಕೈಯಲ್ಲಿ ತೋರಿಸುವಳು.

ಬೆರಳು ಬಗ್ಗಿಸುವುದು ಕಾಶಿಬಾಯಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮುಖ ನೋಡುವುದು. ಅವಳು ಆವರೆಗೆ ಮಾತಾಡಿದ್ದೆಲ್ಲ ಗೋಡೆಯ ಈಚೆಯಿಂದ, ಒಲೆಯ ಕಡೆ ತಿರುಗಿ, ತಲೆಯ ಮೇಲೆ ಸೆರಗೆಳೆದು. ಗಂಡನಿಗೆ ಹೇಳುವ ಮಾತನ್ನು ಬೆಕ್ಕಿಗೆ ಹೇಳಿದರೂ ಅದು ಗಂಡನಿಗೆ ಮುಟ್ಟುತ್ತಿತ್ತು. ಸುವರ್ಣಾಳ ಹತ್ತಿರ ಅದು ನಡೆಯಲಿಲ್ಲ. ಕಾಶಿಬಾಯಿ ಒಲೆ ಊದುತ್ತ ಕೈಯಾಡಿಸಿದರೆ ಹುಡುಗಿ ಪರದೆಯೊಳಗಿಂದ ತನ್ನ ಎರಡು ಕಣ್ಣು ತೋರಿಸಿ, ಇತ್ತ ನೋಡು ಎನ್ನುವಳು. ಮುಖ ತಪ್ಪಿಸಿದ ಮಾತು ಅವಳ ಪ್ರಕಾರ ಮಾತೇ ಅಲ್ಲ.

ಮನೆಯಲ್ಲಿ ಕಾಶಿಬಾಯಿಯ ಅಭ್ಯಾಸಕ್ಕೆ ಸಿಕ್ಕಿದವನು ಭೀಮಶಾ ಒಬ್ಬನೇ. ಚಹಾ ಬೇಕೇ ಎಂದು ಕೇಳಬೇಕಾದರೂ ಅವಳು ಎದುರು ಬಂದು ನಿಂತು ನೆಟ್ಟಗೆ ಅವನ ಕಣ್ಣು ನೋಡುವಳು. ಅವನು ಕಕ್ಕಾಬಿಕ್ಕಿಯಾದ.

"ಏನ್ ಬೇ, ಇಷ್ಟ್ ವರ್ಷದಾಗ ನನ್ ಮಾರಿ ಇಷ್ಟ್ ನೋಡಿದಾಕಿ ಅಲ್ಲ ನೀ."

ಕಾಶಿಬಾಯಿ ಕೈಯಲ್ಲಿ ಹೇಳಿದಳು: ನೋಡಿದ್ದರೆ ಆಗಲೇ ತವರಿಗೆ ಹೋಗಿರುತ್ತಿದ್ದೆ. ಅವನಿಗೆ ತಿಳಿಯಲಿಲ್ಲ. ಚಹಾ ಬಂತು, ಕುಡಿದ.

ಒಂದು ಮಧ್ಯಾಹ್ನ ಸುವರ್ಣಾ ಏನೋ ಕೇಳಿದಳು. ಮಹೆಕ ಅದನ್ನು ಬಾಯಲ್ಲಿ ಹೇಳಿದಳು.

"ಕಾಕಿ, ಮದುವಿ ಹೆಣ್ಣು ಗಂಡನ ಮನಿ ಬಾಗಲದಾಗ ನಿಂತು ಏನ್ ಹೇಳ್ತಾಳ ಅಂತ ಕೇಳಾಕತ್ತಾಳ್ರಿ. ಎಷ್ಟೋ ವಿಡಿಯೊ ಈಕೀನೇ ಕತ್ತರಿಸಿ ಜೋಡಿಸ್ಯಾಳ. ಹೆಣ್ಣಿನ ತುಟಿ ಹಾರ್ತಾವಂತ, ಮಂದಿ ಹೋ ಅಂತ ನಗ್ತಾರಂತ, ಮದುಮಗ ನಾಚಿ ನೆಲ ನೋಡ್ತಾನಂತ. ಅಲ್ಲಿ ಏನಾಗ್ತದ ಅಂತ ಯಾರೂ ಹೇಳಿಲ್ಲಂತ್ರಿ."

ಕೇಳಿದ್ದು ಬೇರೆ ಯಾರನ್ನೂ ಅಲ್ಲ, ಒಡಪಿನ ಕಾಶಿಬಾಯಿಯನ್ನು. ಆ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮಸುಮ್ಮನೆ ಎತ್ತುವುದಿಲ್ಲ. ಎತ್ತಬೇಕಾದಾಗ ಪ್ರಾಸ ಕಟ್ಟಿ, ಪದ್ಯದೊಳಗೆ ಸುತ್ತಿ ಎತ್ತುತ್ತಾಳೆ. ಅದೇ ಒಡಪು. ಮದುವೆಯಾಗಿ ಬಂದ ಸೊಸೆಯನ್ನು ಗಂಡಿನ ಮನೆಯ ಹೆಣ್ಣುಮಕ್ಕಳು ಬಾಗಿಲಲ್ಲಿ ತಡೆಯುತ್ತಾರೆ. ಒಡಪಿನಲ್ಲಿ ಹೆಸರು ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಕಾಶಿಬಾಯಿ ಬಂದಾಗ ತಡೆದವಳು ಭಾಗಮ್ಮ. ಎರಡೂ ಕೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಂತಿದ್ದಳು. ಕೈ ಚೌಕಟ್ಟಿನ ಮೇಲಿರುವ ತನಕ ಬಾಗಿಲು ಮುಚ್ಚಿದ್ದು, ಕೈ ತೆಗೆದರೆ ತೆರೆದದ್ದು. ಇದು ಅವರಪ್ಪನ ಕಾಲದ ಕಾನೂನು. ಹೊಸ ಮದುಮಗಳು ಕಾಶಿಬಾಯಿ ಸೆರಗಿನೊಳಗಿಂದ ಹೇಳಿದ್ದಳು:

"ಹೊಲದ ಬೆಳಿಗಿ ಬೇಲಿ ಕಾವಲ, ಜ್ವಾಳದ ತೆನಿಗಿ ಕವಣಿ ಕಾವಲ, ನನ್ ಬಾಯಿಗಿ ಭೀಮಶಾ ಕಾವಲ."

ಭಾಗಮ್ಮನ ಕೈ ತಾನಾಗಿ ಇಳಿದಿತ್ತು. ಕಾವಲುಗಾರ ಅವತ್ತೇ ಮಲಗಿದವನು ಇನ್ನೂ ಎದ್ದಿಲ್ಲ ಎಂಬುದು ಬೇರೆ ಮಾತು.

ಇದೆಲ್ಲವನ್ನೂ ಕಾಶಿಬಾಯಿ ಬಾಯಲ್ಲಿ ಹೇಳಿದಳು, ಮಹೆಕ ಕೈಯಲ್ಲಿ ತೋರಿಸಿದಳು. ಸುವರ್ಣಾ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ನಿಧಾನಕ್ಕೆ ಒಂದೇ ಪ್ರಶ್ನೆ ಕೇಳಿದಳು. ಅದಕ್ಕೆ ಮಹೆಕಳ ತರ್ಜುಮೆ ಬೇಕಾಗಲಿಲ್ಲ. ಅಷ್ಟು ಕೈ ಕಾಶಿಬಾಯಿಗೆ ಬಂದಿತ್ತು.

ನನ್ನನ್ನೂ ತಡೆಯುತ್ತೀರಾ?

ಕಾಶಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆಯ ಕಡೆ ಕೈ ತೋರಿಸಿದಳು. ಒಲೆ ಆರಿ ಬಹಳ ಹೊತ್ತಾಗಿತ್ತು.

ತಡೆಯುವ ಕೆಲಸ ಭಾಗಮ್ಮನದು. ಆದರೆ ಭಾಗಮ್ಮನ ಮನಸ್ಸಿನಲ್ಲಿ ತಡೆಯುವ ವಿಚಾರವೇ ಇರಲಿಲ್ಲ.

"ಪಾಪ, ಆ ಕೂಸಿಗೆ ಬಾಯಿ ಇಲ್ಲ. ಸುಮ್ನ ಕೈ ಹಿಡಿದು ಒಳಗ ಕರಕೊಂಡ್ರ ಆಯ್ತು. ನಾ ಅವತ್ತು ಬಾಗಲಕ ನಿಂದ್ರಂಗಿಲ್ಲ."

ಪಾಪ ಎನ್ನುವ ಶಬ್ದ ಸುವರ್ಣಾ ತುಟಿ ನೋಡಿಯೇ ಗುರುತಿಸಬಲ್ಲ ಮೊದಲ ಶಬ್ದವಾಗಿತ್ತು. ತುಟಿ ಎರಡು ಸಲ ಕೂಡುತ್ತವೆ, ತಲೆ ಒಂದು ಕಡೆ ವಾಲುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಬೀಗರ ಮನೆಯಲ್ಲಿ ಎಲ್ಲರ ತಲೆಯೂ ಒಂದೇ ಕಡೆ ವಾಲುವುದನ್ನು ಅವಳು ನೋಡುತ್ತ ಬೆಳೆದಿದ್ದಳು. ಹೆಣ್ಣು ನೋಡಲು ಬಂದ ದಿನ ಭಾಗಮ್ಮನ ತಲೆ ವಾಲಿದ್ದು ಇನ್ನೂ ನೆಟ್ಟಗಾಗಿರಲಿಲ್ಲ. ಅವಳಿಗೆ ಸುವರ್ಣಾ ಇಟ್ಟ ಹೆಸರೇ ವಾಲಿದ ತಲೆ. ಕಾಶಿಬಾಯಿ ಇದನ್ನು ಯಾರಿಗೂ ಹೇಳಿರಲಿಲ್ಲ.

"ಅಕ್ಕಾ, ನೀವು ನಿಂದ್ರಬೇಕು" ಎಂದಳು ಕಾಶಿಬಾಯಿ. "ನನ್ನ ತಡದೀರಿ, ಓಣಿ ಸೊಸ್ತೇರನೆಲ್ಲ ತಡದೀರಿ. ಈಕೀನ ಒಬ್ಬಾಕೀನ ಸುಮ್ನ ಒಳಗ ಬಿಟ್ರ, ಸೊಸಿ ಬಂದಂಗಲ್ಲ, ಸಾಮಾನು ಬಂದಂಗ."

"ನಿಂತು ಏನ್ ಕೇಳ್ಲಿ? ಆಕೀ ಏನ್ ಹೇಳ್ತಾಳ?"

"ಕೈಲೇ ಹೇಳ್ತಾಳ."

"ಒಡಪಂದ್ರ ನಾಕ್ ಮಂದಿ ಕಿವಿಗಿ ಬೀಳಬೇಕ ಬೇ. ಕೈ ಆಡಿಸಿದ್ರ ನೊಣ ಹೊಡದಂಗ ಕಾಣ್ತದ."

"ಆಕೀ ಕೈಲೇ ಹೇಳ್ತಾಳ, ನಾ ಬಾಯಿಲೇ ಹೇಳ್ತೇನಿ. ಒಂದ್ ಅಕ್ಷರ ಬಿಡಂಗಿಲ್ಲ."

ಭಾಗಮ್ಮ ಬಹಳ ಹೊತ್ತು ಕಡಲೆಯಲ್ಲಿ ಕಲ್ಲು ಹುಡುಕಿದಳು. "ಹೆಸರು ಖಡಕ್ ಬರಬೇಕು ಮತ್ತ. ನಡುವ ನಿಂತ್ರ ಒಡಪು ರದ್ದು. ನಾ ಕೈ ತಗಿಯಂಗಿಲ್ಲ."

"ನಿಂತ್ರ ನನ್ ಹೆಸರ ಕಾಶಿಬಾಯಿ ಅಲ್ಲ."

ಹೀಗೆ ಯೋಜನೆ ಸಿದ್ಧವಾಯಿತು. ಭೀಮಶಾ ಅದಕ್ಕೆ ಬೇಕಾದಷ್ಟು ಪ್ರಚಾರ ಕೊಟ್ಟ. ಕಬ್ಬಿನ ಗದ್ದೆಯಲ್ಲಿ ನೀರು ಬಿಡುವವರಿಗೂ ಸುದ್ದಿ ಮುಟ್ಟಿತು. ಒಡಪು ಮುಗಿದ ಕೂಡಲೆ ಹಚ್ಚಲು ಪಟಾಕಿಯ ಸರವನ್ನೂ ತಂದಿಟ್ಟ.

ಒಡಪು ಕಟ್ಟುವುದು ಉಳಿದಿತ್ತು. ಕಾಶಿಬಾಯಿ ತನ್ನ ಹಳೆಯ ಸರಕನ್ನೆಲ್ಲ ತೆಗೆದಳು. ಹೋಳಿಗೆಗೆ ಮಾಳಿಗೆ, ಗೋಣಿಗೆ ಏಣಿ. ಸುವರ್ಣಾ ಬೇಡವೆಂದು ತಲೆಯಾಡಿಸಿದಳು. ಶಬ್ದ ಶಬ್ದಕ್ಕೆ ತಾಳೆಯಾಗುವುದು ನನಗೆ ಹೇಗೆ ಕಾಣುತ್ತದೆ? ಎರಡು ದಿನ ಬಿಟ್ಟು ಅವಳೇ ಒಂದು ಕಟ್ಟಿ ತಂದಳು. ಒಂದು ಬೆರಳು ನಿಂತಿತು. ಇನ್ನೊಂದು ಅದರ ಸುತ್ತ ಸುತ್ತಿತು: ಊರ ಸುತ್ತ ಹೊಳೆ. ಮತ್ತೆ ಸುತ್ತಿತು: ಹಂದರದ ಸುತ್ತ ಬಳ್ಳಿ. ಮತ್ತೆ, ಕೈಯ ಸುತ್ತ ಕಂಕಣದ ನೂಲು. ಪ್ರತಿ ಸಲ ಸುತ್ತು ಸಣ್ಣದಾಗುತ್ತ ಬಂದು, ಕೊನೆಗೆ ಎದೆಯ ಹತ್ತಿರ ಗಿರಗಿರ ತಿರುಗಿ ನಿಂತಾಗ ಅದೇ ಅವನ ಹೆಸರಾಗಿತ್ತು.

ಕಾಶಿಬಾಯಿ ಬೆರಗಾದಳು. ಪ್ರಾಸ ನಾಲಿಗೆಯಲ್ಲಿ ಮಾತ್ರ ಕೂಡುತ್ತದೆಂದು ಅವಳು ತಿಳಿದಿದ್ದಳು. ಇಲ್ಲಿ ಬೆರಳ ತುದಿಯಲ್ಲಿ ಕೂಡಿತ್ತು.

ಆಮೇಲೆ ಅವಳು ಎಷ್ಟು ಅಭ್ಯಾಸ ಮಾಡಿದಳೆಂದರೆ, ಹಿಟ್ಟಿನ ಕೈಯಲ್ಲೂ ಬೆರಳು ಸುತ್ತುತ್ತಿತ್ತು. ಮಗ ಅಫಜಲಪುರದಿಂದ ಬಂದು ಗಾಡಿ ನಿಲ್ಲಿಸಿದರೆ ಅವಳು ಒಳಗಿನಿಂದಲೇ ಬೆರಳು ಸುತ್ತಿಸಿ ಊಟಕ್ಕೆ ಕರೆಯುವಳು. ಅವನು ಬಾಗಿಲಲ್ಲೇ ನಿಂತು ಅದನ್ನೊಂದು ತರಹ ನೋಡುವನು. ಯಾಕೆ ಹಾಗೆ ನೋಡುತ್ತಾನೆಂದು ಕಾಶಿಬಾಯಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮಾದನಹಿಪ್ಪರಗಾದಲ್ಲಿ ಅಕ್ಷತೆ ಬಿತ್ತು. ಮಹೆಕ ಗೆಳತಿಯನ್ನು ತಬ್ಬಿಕೊಂಡು ಅತ್ತು ಆಳಂದದ ಬಸ್ಸು ಹತ್ತಿದಳು. ದಿಬ್ಬಣದ ಟೆಂಪೊ ಕರಜಗಿಗೆ ಬಂದಾಗ ಹೊತ್ತು ಇಳಿಮುಖವಾಗಿತ್ತು. ಮನೆ ಮುಂದೆ ಕಾಲಿಡಲು ಜಾಗವಿಲ್ಲ. ಯಾರೋ ಮುದುಕಿ ರೂಢಿಯಂತೆ ಮದುಮಗಳ ಕೈಗೆ ತುಂಬಿದ ಕೊಡ ಕೊಡಲು ಹೋದಳು. ಕಾಶಿಬಾಯಿ ಹಾರಿ ಬಿದ್ದಳು.

"ಏ, ಕೈಯಾಗ ಏನೂ ಕೊಡಬ್ಯಾಡ್ರಿ! ಬಾಯಿಗಿ ಅರಿವಿ ತುರಕಿದಂಗ ಆಗ್ತದ!"

ಭಾಗಮ್ಮ ಹೊಸ ಇಳಕಲ್ ಸೀರೆ ಉಟ್ಟು, ಎರಡೂ ಕೈಯನ್ನು ಚೌಕಟ್ಟಿಗೆ ಒತ್ತಿ ನಿಂತಿದ್ದಳು. ಕಾಲ ಬಳಿ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಸುವರ್ಣಾ ಆ ಎರಡು ಕೈಗಳನ್ನು ನೋಡಿದಳು. ತನ್ನನ್ನು ತಡೆದಿದ್ದಾರೆ. ಅವಳ ಮುಖ ಅರಳಿತು. ಅಷ್ಟು ಖುಷಿಯಿಂದ ಬಾಗಿಲ ಹೊರಗೆ ನಿಂತ ಸೊಸೆಯನ್ನು ಕರಜಗಿ ನೋಡಿರಲಿಲ್ಲ.

"ಹೆಸರು ಹೇಳು, ಒಳಗ ಬಾ" ಎಂದಳು ಭಾಗಮ್ಮ. ಕಾಶಿಬಾಯಿ ಅದನ್ನು ಕೈಯಲ್ಲಿ ಹೇಳಿದಳು.

ಸುವರ್ಣಾ ಬಳೆ ಹಿಂದಕ್ಕೆ ಸರಿಸಿ ಬೆರಳೆತ್ತಿದಳು. ಜನ ಮುಂದೆ ಬಗ್ಗಿದರು. ಕಾಶಿಬಾಯಿ ಅವಳ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡಳು.

"ಊರ ಸುತ್ತ ಸುತ್ತೋದು ಹೊಳಿ!"

"ಆಹಾ!" ಎಂದಿತು ಜನ.

"ಹಂದರ ಸುತ್ತ ಸುತ್ತೋದು ಬಳ್ಳಿ!"

"ಆಹಾ!"

"ಕೈ ಸುತ್ತ ಸುತ್ತೋದು ಕಂಕಣದ ನೂಲ!"

ಭೀಮಶಾ ಕಡ್ಡಿಪೆಟ್ಟಿಗೆ ತೆಗೆದ. ಸುವರ್ಣಾಳ ಬೆರಳು ಎದೆಯ ಹತ್ತಿರ ಬಂತು.

"ನನ್ನ ಸುತ್ತ ಸುತ್ತಿದಾಂವ..."

ಕಾಶಿಬಾಯಿಯ ಬಾಯಿ ತೆರೆಯಿತು. ತೆರೆದೇ ಇತ್ತು.

"ಸುತ್ತಿದಾಂವ..." ಮತ್ತೊಮ್ಮೆ ಎಂದಳು. ತುಟಿ ಕೂಡಲು ಹೋಗಿ ನಿಂತವು.

"ಹೇಳಬ್ಯಾಡ!" ಭಾಗಮ್ಮ ಚೌಕಟ್ಟಿನಿಂದಲೇ ಚೀರಿದಳು. "ಏ ಕಾಶಿ, ಅದು ನಮ್ಮಪ್ಪನ ಹೆಸರ ಬೇ!"

ಜನರ ನಡುವೆ ಮೊದಲು ನಿಟ್ಟುಸಿರು, ಆಮೇಲೆ ಗುಸುಗುಸು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಎತ್ತುವಂತಿಲ್ಲ. ಅದಕ್ಕೆ ಒಡಪಿನ ರಿಯಾಯಿತಿಯೂ ಇಲ್ಲ. ಆ ಹೆಸರನ್ನೇ ಮೊಮ್ಮಗನಿಗಿಟ್ಟ ದಿನದಿಂದ ಕಾಶಿಬಾಯಿ ಹೆತ್ತ ಮಗನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಅಪ್ಪು ಎಂದೇ ಸಾಗಿತ್ತು. ಅಭ್ಯಾಸದುದ್ದಕ್ಕೂ ಹೆಸರು ಬಂದಾಗೆಲ್ಲ ಬೆರಳು ಸುತ್ತುತ್ತಿತ್ತು, ಬಾಯಿಯ ನೆನಪೇ ಆಗಿರಲಿಲ್ಲ. ಇಷ್ಟು ದೊಡ್ಡ ಯೋಜನೆ ಹಾಕಿದವಳು ಇಷ್ಟು ಸಣ್ಣ ಕಲಮನ್ನು ಮರೆತಿದ್ದಳು.

"ಬ್ಯಾರೆ ಯಾರರೆ ಹೇಳ್ಲಿ" ಎಂದಿತು ಒಂದು ದನಿ.

"ಆಕೀ ಕೈ ಯಾರಿಗಿ ತಿಳೀತದ? ಮದುಮಗಗ ತಿಳೀತದ. ಅಂವ ತನ್ ಹೆಸರ ತಾನ ಒದರಿದ್ರ ಅದು ಒಡಪಲ್ಲ, ಎಲೆಕ್ಷನ್ ಪ್ರಚಾರ" ಎಂದಳು ಭಾಗಮ್ಮ. "ಹೆಸರಿಲ್ಲದ ಒಡಪು ನಡಿಯಂಗಿಲ್ಲ. ಈ ಬಾಯಾಗ ಹೆಸರು ಬರಂಗಿಲ್ಲ. ನಾ ಏನ್ ಮಾಡ್ಲಿ?"

ಸುವರ್ಣಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಕೈಯಲ್ಲಿ ಕೇಳಿದಳು: ಬಾಯಿ ಯಾಕೆ ನಿಂತಿತು? ನಾನು ತಪ್ಪಿದೆನಾ?

ಕಾಶಿಬಾಯಿ ತಲೆಯಾಡಿಸಿದಳು. ಇಷ್ಟು ಜನರ ಮುಂದೆ ಕೈಯಲ್ಲೇ ಹೇಳಿದಳು: ನೀನಲ್ಲ. ಈ ಒಂದು ಹೆಸರಿಗೆ ನನಗೆ ಬಾಯಿಲ್ಲ.

ಸುವರ್ಣಾಳ ಕಣ್ಣಿನ ಮೂಲೆಯಲ್ಲಿ ತುಂಟತನ ಮಿಂಚಿತು. ತಲೆಯನ್ನು ಒಂದು ಕಡೆ ವಾಲಿಸಿ, ತುಟಿಯನ್ನು ಎರಡು ಸಲ ಕೂಡಿಸಿದಳು.

ಪಾಪ.

ಕಾಶಿಬಾಯಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿ ನಕ್ಕಳು, ನಗುತ್ತಲೇ ಕಣ್ಣೀರು ಬಂತು, ಆ ಸಲ ಹೊಗೆಯ ಕಡೆ ಕೈ ತೋರಿಸಲಿಲ್ಲ. ಸೆರಗು ಬಿಟ್ಟು, ಎಡಗೈಯ ಬೆರಳು ನಿಲ್ಲಿಸಿ, ಮಗನ ಕಡೆ ತಿರುಗಿ, ಅವನ ಮುಖ ನೋಡುತ್ತ, ಊರೆಲ್ಲ ಕಾಣುವಂತೆ ಬಲಗೈಯ ಬೆರಳನ್ನು ಅದರ ಸುತ್ತ ಗಿರಗಿರ ಸುತ್ತಿದಳು. ಸುವರ್ಣಾಳೂ ಸುತ್ತಿದಳು. ಇಬ್ಬರ ಕೈಯಲ್ಲೂ ಒಂದೇ ಹೆಸರು.

ಮಾಳಿಂಗ ಬಾಸಿಂಗದ ಕೆಳಗೆ ಕಣ್ಣು ತಗ್ಗಿಸಿದ. ವಿಡಿಯೊಗಳಲ್ಲಿ ಮದುಮಕ್ಕಳು ನಾಚಿದಂತೆಯೇ ನಾಚಿದ. ಹೆಂಡತಿಗೋ ತಾಯಿಗೋ ಅವನಿಗೇ ಗೊತ್ತು.

ಜನ ಕುತೂಹಲ ತಾಳದಾದರು. "ಏನದು? ಹಿಂಗ?" ಎಂದು ಒಬ್ಬಳು ಬೆರಳು ಸುತ್ತಿದಳು. "ಹಿಂಗಲ್ಲ, ಹಿಂಗ" ಎಂದಳು ಇನ್ನೊಬ್ಬಳು. ಅಂಗಳದ ತುಂಬ ಬೆರಳುಗಳು ಸುತ್ತತೊಡಗಿದವು. ಬಾಗಿಲಿನಿಂದ ಎಲ್ಲವನ್ನೂ ನೋಡುತ್ತಿದ್ದ ಭಾಗಮ್ಮನಿಗೆ ಮಾತ್ರ ಸರಿಯಾಗಿ ತಿಳಿಯಲಿಲ್ಲ.

"ಹೆಂಗ ಬೇ? ಈ ಬೆರಳು ನಿಂದ್ರಸೋದು, ಈ ಬೆರಳು ಹಿಂಗ..."

ಎರಡೂ ಕೈಯನ್ನು ಮುಖದ ಮುಂದೆ ತಂದು ಸುತ್ತಿ ತೋರಿಸಿದಳು. ಅವಳ ತಲೆ ನೆಟ್ಟಗಿತ್ತು.

ಸುವರ್ಣಾಳಿಗೆ ಕಾನೂನು ನೆನಪಿತ್ತು. ಬಲಗಾಲಿನಿಂದ ಸೇರನ್ನು ಮೆಲ್ಲಗೆ ಒದ್ದಳು. ಅಕ್ಕಿ ಚೆಲ್ಲಿತು. ಅವಳು ಒಳಗಿದ್ದಳು.

"ಏ, ಏ! ಒಡಪು ಪಾಸ್ ಆಗಿಲ್ಲ!" ಎಂದು ಭಾಗಮ್ಮ ತಿರುಗಿದಳು. "ನಡುವ ನಿಂತದ, ರದ್ದು!"

"ರದ್ದು ಅಕ್ಕಾ, ಬರಾಬರ್" ಎಂದಳು ಕಾಶಿಬಾಯಿ. "ಆದ್ರ ಬಾಗಲ ಬಿಟ್ಟವರು ಯಾರ್ರಿ? ಕೈ ತಗದ್ರ ತಗದಂಗ, ನಿಮ್ಮಪ್ಪನ ಕಾನೂನು."

"ನಾ ಎಲ್ಲಿ ತಗದೆ? ಬರೇ ಏನಂತ ಕೇಳಾಕತ್ತಿದ್ದೆ!"

"ಕೇಳಾಕ ಬಾಯಿ ಇತ್ತಲ್ರಿ ಅಕ್ಕಾ. ಕೈ ಯಾಕ ಎತ್ತಿದ್ರಿ?"

ಭಾಗಮ್ಮ ಉತ್ತರಕ್ಕೆಂದು ಬಾಯಿ ತೆರೆದಳು. ಬೆರಳು ಇನ್ನೂ ಸುತ್ತುತ್ತಲೇ ಇತ್ತು.